ಸ್ವಂತದ್ದೊಂದು ಝಿಂಝೂಟಿ

ಸಂಗ್ರಹವೆಂಬುದು ವ್ಯಸನಗಳಲ್ಲಿ ತೀರ ನಿರುಪದ್ರವಿಯಾದುದೆಂದು ಅದಕ್ಕೆ ಬಲಿಯಾದವರೆಲ್ಲರೂ ಹೇಳುತ್ತಾರೆ; ಅವರ ಮನೆಯವರನ್ನು ಕೇಳಿದರೆ ಬೇರೆ ಉತ್ತರ ಬಂದೀತು. ಅಂಚೆಚೀಟಿ ಕೂಡಿಸುವವನಿಗೆ ಒಂದು ಪುಸ್ತಕ ಸಾಕು. ನಾಣ್ಯ ಕೂಡಿಸುವವನಿಗೆ ಒಂದು ಡಬ್ಬಿ ಸಾಕು. ಸಂಗೀತವನ್ನು ಕೂಡಿಹಾಕುವವನಿಗೆ ಮಾತ್ರ ಒಂದು ಕಪಾಟು, ಆ ಕಪಾಟಿಗೊಂದು ಕೋಣೆ, ಆ ಕೋಣೆಯಲ್ಲಿ ಮಾತನಾಡದೆ ಕುಳಿತಿರುವ ಸಂಸಾರ, ಇಷ್ಟೂ ಬೇಕು. ಬೆಟಗೇರಿಯ ನಮ್ಮ ಮನೆಯಲ್ಲಿ ಮೊದಲಿನೆರಡನ್ನು ಹೇಗೋ ಒದಗಿಸಿಕೊಂಡಿದ್ದೇನೆ. ಮೂರನೆಯದು ದೈವಾಧೀನ.

“ಇದೆಲ್ಲಾ ಫೋನಿನಾಗ ಸಿಗತದಲ್ರೀ, ಮತ್ತ ಈ ಪೆಟಗಿ ಯಾಕ?” ಎಂದು ನನ್ನಾಕೆ ಕೇಳುತ್ತಾಳೆ. ಈ ಪ್ರಶ್ನೆಯನ್ನು ನಕ್ಕು ತೇಲಿಸಿಬಿಡುವಂತಿಲ್ಲ. ತಿಂಗಳಿಗೆ ನೂರು ಚಿಲ್ಲರೆ ರೂಪಾಯಿ ತೆತ್ತರೆ ಹತ್ತು ಕೋಟಿಗೂ ಮಿಕ್ಕಿ ಧ್ವನಿಮುದ್ರಣಗಳು ಅಂಗೈಯೊಳಗೆ ಹರಿದು ಬರುವ ಕಾಲವಿದು. ಹಿಂದಿನ ಮಹಾರಾಜರು ಆಸ್ಥಾನದಲ್ಲಿ ಒಬ್ಬ ಉಸ್ತಾದರನ್ನಿಟ್ಟುಕೊಂಡು ಹೆಮ್ಮೆಪಟ್ಟರು. ಇಂದು ಮುಂಡರಗಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕ ಒಬ್ಬ ಬಡ ಅಧ್ಯಾಪಕನು ನೂರು ಉಸ್ತಾದರನ್ನು ಕಿವಿಯಲ್ಲಿಟ್ಟುಕೊಂಡು ಕಪ್ಪತಗುಡ್ಡವನ್ನು ನೋಡುತ್ತ ಸಾಗಬಹುದು. ನಾನೂ ದಿನವೂ ಹಾಗೆ ಸಾಗುತ್ತೇನೆ. ಈ ಸೌಕರ್ಯವನ್ನು ಜರೆಯುವಷ್ಟು ಕೃತಘ್ನನಲ್ಲ. ಆದರೂ ಪೆಟ್ಟಿಗೆ ತುಂಬುತ್ತಲೇ ಇದೆ. ಅದಕ್ಕೆ ಕಾರಣಗಳುಂಟು.

ನಮ್ಮೂರಿಗೂ ಗ್ರಾಮಾಫೋನ್ ತಟ್ಟೆಗೂ ಇರುವ ನಂಟು ಸಾಮಾನ್ಯವಾದುದಲ್ಲ. 1922ರಲ್ಲಿ ಹುಟ್ಟಿ ಗದುಗಿನಲ್ಲಿ ಬೆಳೆದ ಬಾಲಕನೊಬ್ಬನು ಅಬ್ದುಲ್ ಕರೀಮ್ ಖಾನರ ಝಿಂಝೂಟಿ ಠುಮರಿಯ ತಟ್ಟೆಯನ್ನು ಕೇಳಿ, ಹಾಡಿದರೆ ಹೀಗೆಯೇ ಹಾಡಬೇಕೆಂದು ಹಟ ತೊಟ್ಟನೆಂದು ಹೇಳುತ್ತಾರೆ. 1933ರಲ್ಲಿ, ಹನ್ನೊಂದರ ಹರೆಯದಲ್ಲಿ, ಆತನು ಗುರುವನ್ನರಸಿ ಮನೆ ಬಿಟ್ಟನು. ಗ್ವಾಲಿಯರಿನವರೆಗೆ ಅಲೆದನು, ಕಡೆಗೆ ದೊರೆತ ಗುರುಗಳು ಸವಾಯಿ ಗಂಧರ್ವರು. ಅವರಿದ್ದುದು ಇಲ್ಲಿಗೆ ಸಮೀಪದ ಕುಂದಗೋಳದಲ್ಲಿ! ಸವಾಯಿ ಗಂಧರ್ವರು ಅದೇ ಅಬ್ದುಲ್ ಕರೀಮ್ ಖಾನರ ಶಿಷ್ಯರು. ತಟ್ಟೆಯಿಂದ ಹೊರಟ ದಾರಿ ದೇಶವನ್ನೆಲ್ಲ ಸುತ್ತಿ ತಟ್ಟೆಯ ಮನೆತನಕ್ಕೇ ಬಂದು ಸೇರಿತು. ಮುಂದೆ ಆ ಹುಡುಗನ ಧ್ವನಿಯೇ ಎಚ್.ಎಮ್.ವಿ.ಯ ತಟ್ಟೆಯಾಗಿ ಹೊರಬಂದಿತು. 2008ರಲ್ಲಿ ಭೀಮಸೇನ ಜೋಶಿಯವರಿಗೆ ಭಾರತರತ್ನ ದೊರೆತಾಗ ನಮ್ಮೂರಿನವರೆಲ್ಲ ಸಂಭ್ರಮಿಸಿದೆವು. ಆ ಮೂರು ನಿಮಿಷದ ಅರಗಿನ ಬಿಲ್ಲೆಯನ್ನು ನೆನೆದವರು ಎಷ್ಟು ಮಂದಿಯೋ ಕಾಣೆ.

ಮೂರು ನಿಮಿಷವೆಂದದ್ದು ಉತ್ಪ್ರೇಕ್ಷೆಯಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು, ಹೆಚ್ಚೆಂದರೆ ಮೂರೂವರೆ ನಿಮಿಷದ ಹಾಡು ಹಿಡಿಯುತ್ತಿತ್ತು. ಒಂದು ತಾಸು ರಾಗವಿಸ್ತಾರ ಮಾಡುವ ಗವಾಯಿಯು ಇಷ್ಟರಲ್ಲೇ ಆಲಾಪ, ಚೀಜು, ತಾನುಗಳನ್ನೆಲ್ಲ ಮುಗಿಸಬೇಕು. ರಾಗವನ್ನು ಕೊಂದರೆಂದು ಕೆಲವರು ಆಕ್ಷೇಪಿಸಿದರು. ನನಗೆ ಮಾತ್ರ ಅದು ನಮ್ಮ ವಚನಕಾರರ ಮಿತವ್ಯಯದಂತೆ ತೋರುತ್ತದೆ: ಒಂದು ಮಾತೂ ಹೆಚ್ಚಿಲ್ಲ. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ ಮೊದಮೊದಲಿನ ತಟ್ಟೆಗಳ ಕಡೆಯಲ್ಲಿ ಆಕೆ ತನ್ನ ಹೆಸರನ್ನು ತಾನೇ ಕೂಗಿ ಹೇಳುವುದುಂಟು. ಮುದ್ರಣವಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಈ ಧ್ವನಿ ಯಾರದೆಂದು ತಿಳಿಯಬೇಕಲ್ಲ! ಹಾಡಿದವರ ಹೆಸರು ತಿಳಿಯಬೇಕೆಂಬ ಈ ಕಾಳಜಿಯನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು.

ಏಕೆಂದರೆ ಫೋನಿನ ಭಂಡಾರದಲ್ಲಿ ಮೊದಲು ಕಳೆದುಹೋಗುವುದು ಹೆಸರು. ಅಲ್ಲಿ ಎಲ್ಲವೂ ‘ಸಾಂಗ್’. ಐವತ್ತು ನಿಮಿಷದ ದರಬಾರಿಯೂ ಸಾಂಗ್, ಮದುವೆಯ ಮೆರವಣಿಗೆಯ ಹಾಡೂ ಸಾಂಗ್. ಗಾಯಕರ ಹೆಸರಿದ್ದರೆ ರಾಗದ ಹೆಸರಿಲ್ಲ, ರಾಗವಿದ್ದರೆ ವರ್ಷವಿಲ್ಲ, ತಬಲೆ ನುಡಿಸಿದವರು, ಹಾರ್ಮೋನಿಯಂ ಹಿಡಿದವರು, ಹಿಂದೆ ಕುಳಿತು ತಂಬೂರಿ ಮೀಟುತ್ತ ದನಿಗೂಡಿಸಿದ ಶಿಷ್ಯರು, ಇವರಂತೂ ಹುಟ್ಟಿಯೇ ಇಲ್ಲವೆಂಬಂತೆ. ವಿಲಂಬಿತವನ್ನೂ ದ್ರುತವನ್ನೂ ಎರಡಾಗಿ ಕಡಿದು, ನಡುವೆ ಜಾಹೀರಾತೊಂದನ್ನು ತುರುಕಿರುವುದನ್ನೂ ಕೇಳಿದ್ದೇನೆ. ಕನ್ನಡ ಎಂ.ಎ. ಓದಿದವನಿಗೆ ಇದು ಸಹಿಸಲಾಗದ ಸಂಗತಿ. ಕವಿ, ಕಾಲ, ಪಾಠ ಇವನ್ನು ನಿಶ್ಚಯಿಸದೆ ಒಂದು ಪದ್ಯವನ್ನು ಮುಟ್ಟಬಾರದೆಂದು ನಮಗೆ ಕಲಿಸಿದ್ದಾರೆ.

ಎರಡನೆಯದು ಇನ್ನೂ ಗಂಭೀರ. ಐದಾರು ವರ್ಷಗಳ ಕೆಳಗೆ, ಒಂದು ಹಳೆಯ ಖಾಸಗಿ ಬೈಠಕ್ಕಿನ ಧ್ವನಿಮುದ್ರಣವನ್ನು ದಿನವೂ ರಾತ್ರಿ ಕೇಳುವ ಅಭ್ಯಾಸ ಮಾಡಿಕೊಂಡಿದ್ದೆ. ತಂದೆಯವರು ತೀರಿಕೊಂಡ ವರ್ಷ ಅದು. ಅವರಿಗೂ ಪ್ರಿಯವಾಗಿದ್ದ ಪೂರಿಯಾ. ಒಂದು ರಾತ್ರಿ ಅದರ ಹೆಸರು ಬೂದುಬಣ್ಣಕ್ಕೆ ತಿರುಗಿ, ಮುಟ್ಟಿದರೆ ಮಾತಾಡದಾಯಿತು. ವಿಚಾರಿಸಲು ಅಂಗಡಿಕಾರನಿಲ್ಲ, ಹೇಳಲು ಕಾರಣವಿಲ್ಲ. ಹಕ್ಕುದಾರರಿಗೂ ಸಂಸ್ಥೆಗೂ ಇರುವ ಕರಾರು ಮುಗಿದರೆ ಹೀಗಾಗುತ್ತದೆಂದು ಆಮೇಲೆ ತಿಳಿಯಿತು. ಕೆಲವೊಮ್ಮೆ ಅಂಗಡಿಯೇ ಮುಚ್ಚುವುದುಂಟು: 2024ರಲ್ಲಿ ವಿಂಕ್ ಮ್ಯೂಸಿಕ್ ನಿಂತುಹೋಯಿತು, ಅದರಲ್ಲಿ ವರ್ಷಗಟ್ಟಲೆ ಜೋಡಿಸಿಟ್ಟ ಪಟ್ಟಿಗಳು ಜೊತೆಗೇ ಹೋದವು. ನಾವು ತೆರುತ್ತಿರುವುದು ಬಾಡಿಗೆ. ಬಾಡಿಗೆಯ ಮನೆಯ ಗೋಡೆಗೆ ಮೊಳೆ ಹೊಡೆಯುವಂತಿಲ್ಲ.

ನನ್ನ ಸಂಗ್ರಹದ ಬುನಾದಿ ತಂದೆಯವರು ಬಿಟ್ಟುಹೋದ ಅರವತ್ತೊಂದು ಕ್ಯಾಸೆಟ್ಟುಗಳು. 1950ರ ಜನವರಿಯಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯು ನಮ್ಮ ಭಾಗದ ಮನೆಮನೆಗೂ ಗುರುವಾಗಿತ್ತು. 1980ರ ದಶಕದಲ್ಲಿ ಟೇಪ್‌ರಿಕಾರ್ಡರು ಕೈಗೆ ಬಂದಾಗ ತಂದೆಯವರು ರೇಡಿಯೋದ ಮುಂದೆ ಅದನ್ನಿಟ್ಟು, ಮನೆಯವರನ್ನೆಲ್ಲ ಅಂಗಳಕ್ಕೆ ಅಟ್ಟಿ, ಬೆರಳನ್ನು ಗುಂಡಿಯ ಮೇಲಿರಿಸಿ ಕಾಯುತ್ತಿದ್ದರಂತೆ. ಮಲ್ಲಿಕಾರ್ಜುನ ಮನಸೂರರು, ಬಸವರಾಜ ರಾಜಗುರುಗಳು, ಪುಟ್ಟರಾಜ ಗವಾಯಿಗಳು, ಎಲ್ಲರೂ ಆ ಸುರುಳಿಗಳಲ್ಲಿದ್ದಾರೆ. ಅವರೊಂದಿಗೆ ನಮ್ಮ ಮನೆಯೂ ಇದೆ. ಒಂದು ಜೌನಪುರಿಯ ನಡುವೆ ಕುಕ್ಕರು ಕೂಗುತ್ತದೆ. ಒಂದು ಮಲ್ಹಾರದಲ್ಲಿ ದೂರದ ರೈಲಿನ ಸಿಳ್ಳು ಕೇಳುತ್ತದೆ. ಮತ್ತೊಂದರ ಕೊನೆಗೆ, ಹಾಡು ಮುಗಿದ ಗಳಿಗೆಯಲ್ಲಿ, ತಂದೆಯವರು ತಮಗೆ ತಾವೇ ಎಂಬಂತೆ “ಆಹಾ” ಎನ್ನುತ್ತಾರೆ. ಅವರ ದನಿಯೆಂದು ನಮ್ಮಲ್ಲಿ ಉಳಿದಿರುವುದು ಇದೊಂದೇ. ಯಾವ ಸಂಸ್ಥೆಯ ಭಂಡಾರದಲ್ಲಿಯೂ ಇದು ಇರಲಾರದು.

ಕ್ಯಾಸೆಟ್ಟಿನ ಆಯುಷ್ಯ ದೊಡ್ಡದಲ್ಲ. ಗದುಗಿನ ಏಪ್ರಿಲ್ ಬಿಸಿಲನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಆದ್ದರಿಂದ ಎರಡು ಬೇಸಿಗೆಯ ರಜೆಗಳನ್ನು ವ್ಯಯಿಸಿ ಎಲ್ಲವನ್ನೂ ಗಣಕಯಂತ್ರಕ್ಕೆ ಇಳಿಸಿದೆ. ಆಸಕ್ತರಿಗಾಗಿ ಎರಡು ಮಾತು: ಎಂಪಿತ್ರೀ ರೂಪದಲ್ಲಿ ಇಳಿಸಿದರೆ ಸ್ಥಳ ಉಳಿಯುತ್ತದೆ, ಧ್ವನಿ ಸವೆಯುತ್ತದೆ, ಫ್ಲ್ಯಾಕ್ ಎಂಬ ರೂಪದಲ್ಲಿ ಏನೂ ನಷ್ಟವಿಲ್ಲ. ಸಿ.ಡಿ. ಗುಣಮಟ್ಟದ ಒಂದು ತಾಸಿನ ಸಂಗೀತವು ಹಾಗೆಯೇ ಇಟ್ಟರೆ ಸುಮಾರು 600 ಎಂ.ಬಿ. ಹಿಡಿಯುತ್ತದೆ, ಫ್ಲ್ಯಾಕ್ ಮಾಡಿದರೆ ಹೆಚ್ಚುಕಡಿಮೆ ಅದರ ಅರ್ಧ. ಪ್ರತಿಗಳು ಮೂರಿರಬೇಕು, ಒಂದಾದರೂ ಬೇರೆ ಊರಿನಲ್ಲಿರಬೇಕು. ನನ್ನ ಮೂರನೆಯ ಪ್ರತಿ ಶಿರಹಟ್ಟಿಯಲ್ಲಿ ತಂಗಿಯ ಮನೆಯ ಅಕ್ಕಿಡಬ್ಬಿಯ ಹಿಂದೆ ಸುರಕ್ಷಿತವಾಗಿದೆ. ಕುಮಾರವ್ಯಾಸನ ಭಾರತವು ಇಂದಿಗೂ ಉಳಿದಿದ್ದರೆ, ವೀರನಾರಾಯಣನ ಕೃಪೆಯ ಜೊತೆಗೆ ಊರೂರಿನಲ್ಲಿ ಓಲೆಗೆ ಓಲೆ ನಕಲು ಮಾಡಿದ ಹೆಸರಿಲ್ಲದ ಕೈಗಳೂ ಕಾರಣ.

ತಟ್ಟೆಗಳು ಬಂದದ್ದು ಆಮೇಲೆ, ಲಕ್ಷ್ಮೇಶ್ವರದಿಂದ. ಸೋಮೇಶ್ವರನ ಗುಡಿಯಿಂದ ತುಸು ದೂರದ ಒಂದು ಹಳೆಯ ಮನೆಯಲ್ಲಿ ಎಂಬತ್ತು ದಾಟಿದ ತಾಯಿಯೊಬ್ಬರಿದ್ದರು. ಅವರ ಮಾವನವರು ಸಂಗೀತಪ್ರಿಯರು. ಅವರು ಕೂಡಿಸಿಟ್ಟ ನಲವತ್ತಮೂರು ತಟ್ಟೆಗಳೂ ಒಂದು ಗ್ರಾಮಾಫೋನೂ ಅಟ್ಟದ ಮೇಲಿದ್ದವು. ಬೆಂಗಳೂರಿನ ವ್ಯಾಪಾರಿಯೊಬ್ಬನು ಒಳ್ಳೆಯ ಬೆಲೆಯನ್ನೇ ಹೇಳಿದ್ದನು. ಯಂತ್ರದ ಹಿತ್ತಾಳೆಯ ಕೊಂಬು ಹೋಟೆಲಿನ ಶೋಭೆಗೆ; ತಟ್ಟೆಗಳ ನಡುವೆ ಮುಳ್ಳು ಕೂಡಿಸಿದರೆ ಗೋಡೆಯ ಗಡಿಯಾರ! ಮಕ್ಕಳು ಒಪ್ಪಿದ್ದರು. ನಾನು ಅಷ್ಟು ಹಣ ಕೊಡಬಲ್ಲವನಲ್ಲ. ಯಂತ್ರವನ್ನು ಅವನಿಗೇ ಕೊಡಿರಿ, ತಟ್ಟೆಗಳನ್ನು ಮಾತ್ರ ನನಗೆ ಕೊಡಿರಿ ಎಂದು ಬೇಡಿದೆ. ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಡಿಸಿ ತೋರಸ್ತೀರೇನು? ಹಂಗಾದ್ರ ಒಯ್ಯಿರಿ” ಎಂದರು.

ಹಾಡಿಸುವುದು ಸುಲಭವಾಗಿರಲಿಲ್ಲ. ಇವು ಅರಗಿನಿಂದಾದ ತಟ್ಟೆಗಳು. ಸ್ಪಿರಿಟ್ ಹಚ್ಚಿ ಒರೆಸಿದರೆ ಅರಗು ಕರಗಿ ಹಾಡೇ ಅಳಿಸಿಹೋಗುತ್ತದೆ. ತಣ್ಣೀರಿನಲ್ಲಿ ಮೆದುವಾಗಿ ತೊಳೆದು, ನಡುವಣ ಕಾಗದ ನೆನೆಯದಂತೆ ಕಾದು, ನೆರಳಿನಲ್ಲಿ ನಿಲ್ಲಿಸಿ ಒಣಗಿಸಬೇಕು. ಒಂದರ ಮೇಲೊಂದು ಒಟ್ಟಬಾರದು. ಲಾಂಗ್‌ಪ್ಲೇ ತಟ್ಟೆಯ ಸೂಜಿ ಇದಕ್ಕೆ ಆಗದು. ಇದರ ಗೆರೆ ಅಗಲವಾದುದು, ಅದಕ್ಕೆ ತಕ್ಕ ದಪ್ಪ ಸೂಜಿಯೇ ಬೇಕು. ಅದು ಹುಬ್ಬಳ್ಳಿಯಲ್ಲಿ ಸಿಗದೆ ಅಂಚೆಯಲ್ಲಿ ತರಿಸುವಷ್ಟರಲ್ಲಿ ಒಂದೂವರೆ ತಿಂಗಳಾಯಿತು. ನಲವತ್ತಮೂರರಲ್ಲಿ ಏಳು ಸೀಳಿದ್ದವು. ಉಳಿದವುಗಳಲ್ಲಿ ಬಹುಪಾಲು ನಾಟಕದ ಹಾಡುಗಳು, ಭಜನೆಗಳು. ಒಂದರ ಮೇಲೆ ಅರ್ಧ ಅಳಿಸಿದ ಹೆಸರು: ಗಾಂಧಾರಿ.

ನನ್ನ ಎದೆ ಹಾರಿತು. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರ ಆರಂಭದ ತಟ್ಟೆಗಳು ಈ ಹೆಸರಿನಲ್ಲಿ ಬಂದವು. ನಾವೆಲ್ಲ ಬಲ್ಲ ಗಂಗೂಬಾಯಿಯವರ ಧ್ವನಿ ಗಂಡುದನಿಯಷ್ಟು ಘನವಾದುದು. ಗಂಟಲಿನ ಚಿಕಿತ್ಸೆಯಾದ ಮೇಲೆ ಅದು ಹಾಗಾಯಿತು. ಅದಕ್ಕೂ ಮೊದಲಿನ ಈ ಧ್ವನಿ ಎಳೆಯದು, ತೆಳುವಾದುದು, ತಾರಸ್ಥಾಯಿಯಲ್ಲಿ ಗೆಜ್ಜೆಯಂತೆ ಮಿಡಿಯುವಂಥದು. ಲಕ್ಷ್ಮೇಶ್ವರದ ಆ ತಾಯಿಗೆ ಇಬ್ಬರೂ ಒಬ್ಬರೇ ಎಂದಾಗ ಅವರು ನಂಬಲಿಲ್ಲ. ಎರಡನೆಯ ಸಲ ಹಾಡಿಸಿದಾಗ ಕಣ್ಣು ಮುಚ್ಚಿಕೊಂಡು ಕೇಳಿ, “ಹೌದು, ಎತ್ತಿಕೊಳ್ಳೂದು ಅವರದ ಐತಿ” ಎಂದರು. ದನಿ ಬದಲಾದರೂ ಸ್ವರವನ್ನು ಎತ್ತಿಕೊಳ್ಳುವ ರೀತಿ ಬದಲಾಗಿರಲಿಲ್ಲ. ಸಂಗೀತಶಾಸ್ತ್ರದ ಒಂದು ಪುಸ್ತಕವನ್ನೂ ಓದದ ಆ ಕಿವಿಯ ಸೂಕ್ಷ್ಮತೆಗೆ ನಾನು ಬೆರಗಾದೆ. ಅವರಿಗೆಂದು ಎಲ್ಲ ಹಾಡುಗಳನ್ನೂ ಒಂದು ಸಣ್ಣ ಪೆನ್‌ಡ್ರೈವಿಗೆ ತುಂಬಿ ಕೊಟ್ಟಿದ್ದೇನೆ, ಮೊಮ್ಮಗನು ಟಿ.ವಿ.ಗೆ ಸಿಕ್ಕಿಸಿ ಹಾಡಿಸುತ್ತಾನಂತೆ.

ಫ. ಗು. ಹಳಕಟ್ಟಿಯವರು ಮನೆಮನೆಯ ಜಗುಲಿಯಿಂದ ಓಲೆಗರಿ ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚುಹಾಕಿಸಿದ ಸಾಹಸಕ್ಕೆ ನನ್ನ ಹವ್ಯಾಸವನ್ನು ಹೋಲಿಸುವಷ್ಟು ಧಾರ್ಷ್ಟ್ಯ ನನಗಿಲ್ಲ. ಆದರೆ ಅವರು ಕಟ್ಟಿದ ಭಂಡಾರದಿಂದಲೇ ಮನಸೂರರಿಗೆ ಹಾಡಲು ವಚನಗಳು ದೊರೆತವೆಂಬುದನ್ನು ತರಗತಿಯಲ್ಲಿ ಹೇಳುವಾಗ, ಅಟ್ಟ ಹತ್ತುವ ಕೆಲಸದ ಮೇಲೆ ನನಗೆ ಗೌರವ ಹೆಚ್ಚುತ್ತದೆ.

ಕೂಡಿಸಿದ್ದನ್ನು ಬಚ್ಚಿಡುವವರ ಪಂಥಕ್ಕೆ ನಾನು ಸೇರಿದವನಲ್ಲ. ತಿಂಗಳಿಗೊಂದು ಭಾನುವಾರ ಏಳೆಂಟು ಜನ ನಮ್ಮಲ್ಲಿ ಸೇರುತ್ತೇವೆ. ವೀರೇಶ್ವರ ಪುಣ್ಯಾಶ್ರಮದ ಕಡೆಯಿಂದ ಇಬ್ಬರು ಅಂಧ ವಿದ್ಯಾರ್ಥಿಗಳೂ ಬರುವುದುಂಟು. ಪಂಚಾಕ್ಷರಿ ಗವಾಯಿಗಳು ಕಟ್ಟಿ, ಪುಟ್ಟರಾಜರು 2010ರಲ್ಲಿ ದೇಹ ಬಿಡುವತನಕ ಬೆಳೆಸಿದ ಆ ಸಂಸ್ಥೆಯಲ್ಲಿ ಕಲಿತವರ ಕಿವಿಯ ಮುಂದೆ ನನ್ನ ಪಟ್ಟಿಗಳೆಲ್ಲ ಸುಮ್ಮನೆ. ಅದೇ ಆಶ್ರಮದಲ್ಲಿ ಕಲಿತ ವೆಂಕಟೇಶಕುಮಾರರ ಒಂದೇ ರಾಗದ ಎರಡು ಕಚೇರಿಗಳನ್ನು ಹಾಕಿದರೆ, ಯಾವುದು ಮೊದಲಿನದು ಎಂದು ಅವರಲ್ಲೊಬ್ಬನು ಥಟ್ಟನೆ ಹೇಳುತ್ತಾನೆ. ನಾನು ಇದನ್ನು ಪಾಠಾಂತರವೆನ್ನುತ್ತೇನೆ. ಆತನು ‘ವಯಸ್ಸು’ ಎನ್ನುತ್ತಾನೆ. ಆತನ ಮಾತೇ ಹೆಚ್ಚು ಸರಿ. ತಟ್ಟೆ ಕೇಳಿ ಕಲಿಯಬಹುದೇ ಎಂದು ಒಮ್ಮೆ ಕೇಳಿದೆ. “ತಟ್ಟಿ ತಪ್ಪು ತಿದ್ದೂದಿಲ್ರೀ ಸರ್” ಎಂದು ನಕ್ಕನು; ಆದರೂ ಹೋಗುವಾಗ ಪ್ರತಿ ಕೇಳಿ ಒಯ್ದನು.

ಪ್ರತಿ ಕೊಡುವಲ್ಲಿ ಕಾಯಿದೆಯನ್ನು ನೋಡಿಕೊಳ್ಳಬೇಕು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಹಾಗಾಗಿ ಆ ತಾಯಿಯ ಮನೆಯ ತಟ್ಟೆಗಳನ್ನು ಯಾರಿಗಾದರೂ ಕೊಡಬಲ್ಲೆ. ಈಚಿನವನ್ನು ಕೇಳಬೇಕೆನ್ನುವವರು ನಮ್ಮ ಮನೆಗೇ ಬರಬೇಕು. ಚಹಾ ಕೊಡುತ್ತೇವೆ.

ಈಗ ಶಿರಹಟ್ಟಿಯಲ್ಲಿ ಇನ್ನೊಂದು ಪೆಟ್ಟಿಗೆಯ ಸುದ್ದಿ ಬಂದಿದೆ. ಫಕೀರೇಶ್ವರ ಮಠದ ಜಾತ್ರೆಗೆ ಬರುತ್ತಿದ್ದ ಒಬ್ಬ ಹಾರ್ಮೋನಿಯಂ ವಾದಕರದಂತೆ. ತಂಗಿಯ ಮಾವನವರು ಕಂಡಿದ್ದಾರೆ, ಎತ್ತಿದರೆ ಭಾರವಿದೆ, ಒಳಗೇನಿದೆಯೆಂದು ಯಾರೂ ಅರಿಯರು. ಕೀಲಿಕೈ ಪುಣೆಯಲ್ಲಿರುವ ಹಿರಿಯ ಮಗನ ಕೈಯಲ್ಲಿದೆ. ಆತನು ದೀಪಾವಳಿಗೆ ಊರಿಗೆ ಬರುತ್ತಾನೆ. ನಾನು ಬಡಿಗನನ್ನು ಕರೆಸಿ ಕಪಾಟಿನ ಪಕ್ಕದ ಗೋಡೆಯನ್ನು ಅಳತೆ ಮಾಡಿಸಿದ್ದೇನೆ. ಮನೆಯಲ್ಲಿ ಇನ್ನೂ ಹೇಳಿಲ್ಲ.