ಶನಿಕಾಟಕ್ಕೆ ಕರೆಜ್ಜಿಯ ಮದ್ದು

ಇಟಲಿಯ ಫ್ಲಾರೆನ್ಸ್ ನೋಡಲು ಹೋದವರು ಸಾಮಾನ್ಯವಾಗಿ ಕರೆಜ್ಜಿಯ ಕಡೆ ಸುಳಿಯುವುದಿಲ್ಲ. ಸಾಂತಾ ಮರಿಯಾ ನೊವೆಲ್ಲಾ ರೈಲು ನಿಲ್ದಾಣದ ಬಳಿ ಟ್ರಾಮ್ ಹತ್ತಿದರೆ ಅದು ಕೊನೆಗೆ ನಿಲ್ಲುವುದು ಇಲ್ಲಿನ ದೊಡ್ಡ ಆಸ್ಪತ್ರೆಯ ಮುಂದೆ. ಇಳಿಯುವವರಲ್ಲಿ ರೋಗಿಗಳು, ಅವರನ್ನು ನೋಡಲು ಬಂದವರೇ ಹೆಚ್ಚು. ಆಸ್ಪತ್ರೆಗೆ ಸಮೀಪದಲ್ಲೇ ಮೆಡಿಚಿ ಮನೆತನದ ಹಳೆಯ ಬಂಗಲೆಯಿದೆ.

ಬಂಗಲೆಯ ಒಡೆಯ ಕೋಸಿಮೊ, ತನ್ನ ವೈದ್ಯನ ಮಗ ಮಾರ್ಸಿಲಿಯೊ ಫಿಚೀನೊನಿಗೆ (1433-1499) ಕರೆಜ್ಜಿಯಲ್ಲೇ ಒಂದು ಮನೆ ಕೊಟ್ಟು, ಪ್ಲೇಟೊನ ಕೃತಿಗಳನ್ನು ಲ್ಯಾಟಿನ್ ಭಾಷೆಗೆ ತರುವ ಕೆಲಸ ವಹಿಸಿದ. ಫಿಚೀನೊ ತತ್ವಜ್ಞಾನಿ, ವೈದ್ಯ. 1473ರಲ್ಲಿ ಪಾದ್ರಿಯೂ ಆದ. ಆದರೆ ಮನಸ್ಸಿಗೆ ಸದಾ ಮಂಕು. ಅವನ ಜಾತಕದಲ್ಲಿ ಕುಂಭ ಲಗ್ನ, ಅಲ್ಲೇ ಶನಿ! ತನ್ನ ವಿಷಾದಕ್ಕೆಲ್ಲ ಅವನೇ ಕಾರಣವೆಂದು ಫಿಚೀನೊ ನಂಬಿದ್ದ.

ಈ ಸಂಕಟದಿಂದಲೇ 1489ರಲ್ಲಿ 'ದೆ ವೀತಾ' ಎಂಬ ಮೂರು ಭಾಗಗಳ ಗ್ರಂಥ ಹೊರಬಂತು. ಓಟಗಾರ ಕಾಲನ್ನು ಕಾಪಾಡಿಕೊಳ್ಳುವಂತೆ ಓದುವವನು ಮಿದುಳನ್ನು ಕಾಪಾಡಿಕೊಳ್ಳಬೇಕು ಎಂಬುದು ಅದರ ತಿರುಳು. ಕೂತು ಓದುವವರಿಗೆ ಕಫ ಕಟ್ಟುತ್ತದೆ. ಅತಿಯಾಗಿ ಚಿಂತಿಸುವವರಲ್ಲಿ ಕಪ್ಪು ಪಿತ್ತ ಹೆಚ್ಚಿ ವಿಷಾದ ಆವರಿಸುತ್ತದೆ. ನಮ್ಮ ವಾತ-ಪಿತ್ತ-ಕಫಗಳನ್ನು ಬಲ್ಲವರಿಗೆ ಈ ಮಾತು ಹೊಸದೆನಿಸದು. ಅವನು ಹೇಳಿದ ಪಥ್ಯ ಸರಳ: ರಾತ್ರಿ ಜಾಗರಣೆ ಬೇಡ, ಬೆಳಗಿನ ನಿದ್ದೆ ಬೇಡ, ಹೊಟ್ಟೆ ಬಿರಿಯುವ ಊಟ ಬೇಡ. ಹಸಿರು ನೋಡಿ, ತೋಟದಲ್ಲಿ ಅಡ್ಡಾಡಿ, ಸಂಗೀತ ಕೇಳಿ. ಶನಿಯ ಭಾರ ಇಳಿಸಲು ಸೂರ್ಯ, ಗುರು, ಶುಕ್ರರ ಬಲ ಪಡೆಯಿರಿ.

ಮೂರನೆಯ ಭಾಗ ಗ್ರಹಬಲವನ್ನು ಸೆಳೆಯುವ ಬಗೆಯದು. ತಾಯಿತದಂಥ ವಿಗ್ರಹಗಳ ಪ್ರಸ್ತಾಪವೂ ಅಲ್ಲಿದ್ದುದರಿಂದ ಮಾಟದ ಆಪಾದನೆ ಪೋಪರ ಆಸ್ಥಾನದವರೆಗೆ ಹೋಯಿತು. ಪಾದ್ರಿಗೆ ಇದು ಜೀವಕ್ಕೇ ಕುತ್ತಾಗಬಹುದಿತ್ತು. ಪ್ರಭಾವಿ ಗೆಳೆಯರ ನೆರವಿನಿಂದ ಆತ ಪಾರಾದ.

ಮದ್ದಿಗೂ ಮಿತಿಯಿತ್ತು. 1464ರಲ್ಲಿ ಕೋಸಿಮೊ ಕರೆಜ್ಜಿಯಲ್ಲೇ ಕಣ್ಣುಮುಚ್ಚಿದ್ದ. 1492ರಲ್ಲಿ ಅವನ ಮೊಮ್ಮಗ ಲೊರೆಂಜೊ ಅಲ್ಲೇ ಹಾಸಿಗೆ ಹಿಡಿದಾಗ ಮುತ್ತು-ರತ್ನಗಳನ್ನು ಅರೆದು ಕುಡಿಸಿದರೂ ಉಳಿಯಲಿಲ್ಲ, ವಯಸ್ಸು 43. ಅವನ ವೈದ್ಯ, ಫಿಚೀನೊನ ಗೆಳೆಯ ಪಿಯೆರ್ ಲಿಯೋನಿಯ ಶವ ಬಾವಿಯಲ್ಲಿ ಸಿಕ್ಕಿತು.

ಸದಾ ನರಳುತ್ತಿದ್ದ ಫಿಚೀನೊ ಮಾತ್ರ 65 ವರ್ಷ ಬಾಳಿದ. ಫ್ಲಾರೆನ್ಸಿನ ಮಹಾ ಚರ್ಚಿನಲ್ಲಿ ಅವನ ಅಮೃತಶಿಲೆಯ ಪ್ರತಿಮೆಯಿದೆ. ಕೈಯಲ್ಲಿರುವುದು ದಪ್ಪ ಪುಸ್ತಕ. ಹಿಡಿದಿರುವ ರೀತಿಯೋ, ತಂತಿವಾದ್ಯ ನುಡಿಸುವವನದು.