ಬೇರೆ ಲೋಟ

ನಮ್ಮ ಶಾಲೆಯಲ್ಲಿ ಓದಿ ದಾದಿಯರಾದವರು ಅನೇಕರಿದ್ದಾರೆ. ಅವರಲ್ಲೊಬ್ಬಳಿಂದ ನಾವು ಕಲಿತ ಪಾಠವೊಂದನ್ನು ಈ ಸಂಚಿಕೆಯ ವಾಚಕರಿಗೆ ಅರಿಕೆಮಾಡಿಕೊಳ್ಳಬೇಕೆಂದು ಮನಸ್ಸಾಗಿದೆ. ಶಿಷ್ಯೆಯಿಂದ ಕಲಿಯುವುದು ಗುರುವಿಗೆ ನಾಚಿಕೆಯ ಮಾತಲ್ಲವಷ್ಟೆ.

ಕೆಲವು ವರ್ಷಗಳ ಹಿಂದೆ, ಎಂಟನೆಯ ತರಗತಿಯ ಬಾಲಕಿಯೊಬ್ಬಳ ತಾಯಿಗೆ ಕ್ಷಯರೋಗವಿದೆಯೆಂದು ತಿಳಿದುಬಂತು. ಇತರ ತಾಯಂದಿರು ಭಯಪಟ್ಟರು. ನಾವೂ ಅಂಜಿದೆವೆಂಬುದನ್ನು ಮರೆಮಾಚಲಾರೆವು. ಹುಡುಗಿಯನ್ನು ಕಡೆಯ ಬೆಂಚಿನಲ್ಲಿ ಒಂಟಿಯಾಗಿ ಕುಳ್ಳಿರಿಸಿ, ನೀರು ಕುಡಿಯಲು ಅವಳಿಗೊಂದು ಬೇರೆ ಲೋಟವನ್ನಿಟ್ಟೆವು. ಅವಳು ಏನೂ ಹೇಳಲಿಲ್ಲ. ಮೂರನೆಯ ದಿನ ಶಾಲೆಗೆ ಬರಲಿಲ್ಲ.

ಸುದ್ದಿಯನ್ನು ಕೇಳಿ, ಸಮೀಪದ ಆರೋಗ್ಯಕೇಂದ್ರದಲ್ಲಿ ದಾದಿಯಾಗಿದ್ದ ನಮ್ಮ ಹಳೆಯ ವಿದ್ಯಾರ್ಥಿನಿಯು ಬಂದಳು. "ಅಮ್ಮನವರೇ, ಈ ರೋಗವು ಲೋಟದಿಂದ ಅಂಟುವುದಿಲ್ಲ. ಶ್ವಾಸಕೋಶದ ಕ್ಷಯವುಳ್ಳವರು ಕೆಮ್ಮಿದಾಗ ಗಾಳಿಯ ಮೂಲಕ ಹರಡುತ್ತದೆ. ಹುಡುಗಿಯನ್ನು ಪರೀಕ್ಷಿಸಿಯಾಗಿದೆ, ಅವಳಿಗೆ ರೋಗವಿಲ್ಲ. ಲೋಟವನ್ನು ತೆಗೆದಿಟ್ಟು ಕಿಟಕಿಗಳನ್ನು ತೆರೆಸಿರಿ" ಎಂದಳು. ಮಳೆಯ ನೆವದಿಂದ ನಮ್ಮ ಕಿಟಕಿಗಳೆಲ್ಲವೂ ಮುಚ್ಚಿದ್ದುವು!

ಮರುದಿನ ಅವಳೊಡನೆ ಆ ಮನೆಗೆ ಹೋದೆವು. ಕೆಮ್ಮು ನಿಂತಿತೆಂದು ತಾಯಿಯು ಎರಡನೆಯ ತಿಂಗಳಲ್ಲೇ ಔಷಧವನ್ನು ಬಿಟ್ಟಿದ್ದಳು. ನೆರೆಯವರು ಕಂಡಾರೆಂದು ಗುಳಿಗೆಗಳನ್ನು ಅಕ್ಕಿಯ ಡಬ್ಬಿಯಲ್ಲಿ ಅಡಗಿಸಿದ್ದಳು. ದಾದಿಯು ಗದರಿಸಲಿಲ್ಲ. ಗುಳಿಗೆಗಳನ್ನೆಣಿಸಿ, ನಡುವೆ ಬಿಟ್ಟರೆ ಉಳಿದ ಕ್ರಿಮಿಗಳು ಔಷಧಕ್ಕೆ ಬಗ್ಗದಂತಾಗಬಹುದೆಂದು ಮೆಲ್ಲನೆ ತಿಳಿಸಿದಳು. ಅಂದೇ ತಾಯಿಯನ್ನು ವೈದ್ಯರಲ್ಲಿಗೆ ಕರೆದೊಯ್ದಳು. ಆಮೇಲೆ ಚಿಕಿತ್ಸೆ ಮುಗಿಯುವ ತನಕ ಆ ಮನೆಯ ಬಾಗಿಲನ್ನು ಮರೆಯಲಿಲ್ಲ. ಒಬ್ಬಳು ಗುಣವಾದರೆ ಅವಳ ಸುತ್ತಲಿರುವ ಹಲವರು ರೋಗದಿಂದ ತಪ್ಪಿಸಿಕೊಳ್ಳುವರೆಂಬುದನ್ನು ನಾವು ಅಲ್ಲಿ ಕಣ್ಣಾರೆ ಕಂಡೆವು.

1882ರಲ್ಲಿ ರಾಬರ್ಟ್ ಕಾಕ್ ಎಂಬ ವೈದ್ಯನು ಈ ರೋಗದ ಕ್ರಿಮಿಯನ್ನು ಕಂಡುಹಿಡಿದನು. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಪ್ರಯೋಗವು, ಬಡ ರೋಗಿಗಳು ಮನೆಯಲ್ಲಿದ್ದುಕೊಂಡೇ ಔಷಧ ಸೇವಿಸಿದರೂ ಆರೋಗ್ಯಧಾಮದಲ್ಲಿರುವವರಂತೆಯೇ ಗುಣವಾಗುವರೆಂದು 1959ರಲ್ಲಿ ತೋರಿಸಿಕೊಟ್ಟಿತು. ಚಿಕಿತ್ಸೆಯು ಮನೆಗೆ ಬಂದ ಮೇಲೆ ಮನೆಗೆ ಹೋಗುವ ದಾದಿಯ ಹೊಣೆಯು ಎಷ್ಟು ಹಿರಿದಾಯಿತೆಂಬುದನ್ನು ವಾಚಕರೇ ಊಹಿಸಬಹುದು.

ತಾಯಿ ಗುಣಮುಖಳಾದಳು. ಹುಡುಗಿಯು ಮರಳಿ ಬಂದು ಗೆಳತಿಯರ ನಡುವೆ ಕುಳಿತಳು. ನಾವು ಅವಳ ಕ್ಷಮೆಯನ್ನು ಬೇಡಿದೆವು.

ಪೋಷಕರೇ, ಎರಡು ವಾರಕ್ಕಿಂತ ಹೆಚ್ಚು ಕಾಲ ಕೆಮ್ಮಿದ್ದರೆ ಕಫವನ್ನು ಪರೀಕ್ಷೆ ಮಾಡಿಸಿರಿ. ಬಾಗಿಲಿಗೆ ಬಂದ ದಾದಿಯನ್ನು ಆದರದಿಂದ ಒಳಕ್ಕೆ ಕರೆಯಿರಿ. ಆ ಲೋಟವು ಈಗಲೂ ನಮ್ಮ ಮೇಜಿನ ಮೇಲಿದೆ, ಅದರಲ್ಲಿ ಸೀಮೆಸುಣ್ಣವನ್ನಿಡುತ್ತೇವೆ.