ನಾಲ್ಕೂವರೆಯ ಗಿರಾಕಿಗಳು

1998ರಲ್ಲಿ ಕೆ.ಬಿ. ಬಡಾವಣೆಯ ನನ್ನ ಟಿ.ವಿ. ರಿಪೇರಿ ಅಂಗಡಿಗೆ ಮಧ್ಯಾಹ್ನ ಮೂರು ಹೊಡೆದರೆ ಗಡಿಬಿಡಿ ಶುರು. ಮೊದಲೆಲ್ಲ ಕ್ರಿಕೆಟ್ ಇದ್ದಾಗ ಗಂಡಸರು ಹೀಗೆ ಬಂದು ಕಾಡುತ್ತಿದ್ದರು. ಆ ವರ್ಷ ಹೆಂಗಸರು ಬರತೊಡಗಿದರು. ‘ಏನ್ ಮಾಡ್ತೀಯೋ ಗೊತ್ತಿಲ್ಲಪ್ಪ, ನಾಲ್ಕೂವರೆಗೆ ಚಿತ್ರ ಬರಬೇಕು!’

ದೂರದರ್ಶನದಲ್ಲಿ ‘ಮಾಯಾಮೃಗ’ ಬರುವ ಹೊತ್ತದು. ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ನಿರ್ದೇಶಿಸಿದ ಧಾರಾವಾಹಿ. ಊಟ ಮುಗಿಸಿ ಮಲಗುವ ವೇಳೆಗೆ ಇಡೀ ಬೀದಿಯನ್ನು ಎಬ್ಬಿಸಿ ಕೂರಿಸಿತು. ಲೈನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟ ಸೆಟ್ಟು ಅಂದೇ ಸರಿಹೋಗುತ್ತಿರಲಿಲ್ಲ. ಅಂಥವರಿಗೆ ಅಂಗಡಿಯಲ್ಲೇ ರಿಪೇರಿಯಾದ ಯಾರದೋ ಸೆಟ್ಟು ಹಚ್ಚಿಡುತ್ತಿದ್ದೆ. ಸಿ. ಅಶ್ವತ್ಥ್ ಸಂಗೀತದ ಶೀರ್ಷಿಕೆ ಗೀತೆ ಕೇಳಿದ್ದೇ ತಡ, ಪಕ್ಕದ ಅಂಗಡಿಯವರೂ ಬಂದು ನಿಲ್ಲುತ್ತಿದ್ದರು. ಕರೆಂಟು ಹೋದರೆ ಬೈಗುಳ ನನಗೆ!

ಧಾರಾವಾಹಿ ಮುಗಿದ ಮೇಲೆ ವಾದ. ಅದರಲ್ಲಿ ಮಾಳವಿಕಾ ಆಡಿದ ಮಾತು ಹೆಣ್ಣುಮಕ್ಕಳಿಗೆ ಒಪ್ಪುತ್ತದೋ ಇಲ್ಲವೋ ಎಂದು ಒಬ್ಬರು ತೆಗೆದರೆ, ಇನ್ನೊಬ್ಬರು ಹಾಗಾದರೆ ಮಗಳನ್ನು ಯಾಕೆ ಓದಿಸಿದ್ದು ಎನ್ನುತ್ತಿದ್ದರು. ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿದ್ದ ಗಿರಾಕಿಯೊಬ್ಬರಿಗೆ ಧಾರಾವಾಹಿಯ ಮನೆಗಳ ಸಾಲಸೋಲವೇ ಮುಖ್ಯ. ಅವರ ಕಾರ್ಖಾನೆಯ ಸ್ಥಿತಿ ಆಗಲೇ ಸರಿಯಿರಲಿಲ್ಲ. ಮುಂದೆ ಕೆಲವೇ ವರ್ಷಗಳಲ್ಲಿ ಅದು ಬಾಗಿಲು ಹಾಕಿತು.

ನನ್ನ ಕಸುಬೂ ಹೆಚ್ಚು ಕಾಲ ಉಳಿಯಲಿಲ್ಲ. ಪಿಕ್ಚರ್ ಟ್ಯೂಬ್ ಹೋಗಿ ಎಲ್‌ಇಡಿ ಬಂದ ಮೇಲೆ ಪ್ಯಾನೆಲ್ ಒಡೆದರೆ ಹೊಸ ಟಿ.ವಿ.ಯೇ ಲೇಸು. ಉಳಿದದ್ದು ಬೋರ್ಡ್ ಬದಲಿಸುವ ಕೆಲಸ. ಅದಕ್ಕೆ ಕೈಚಳಕ ಬೇಕಿಲ್ಲ, ಸ್ಕ್ರೂಡ್ರೈವರ್ ಸಾಕು.

ಈಗ ಹೆಂಡತಿಯೂ ನಾನೂ ಯೂಟ್ಯೂಬಿನಲ್ಲಿ ‘ಮಾಯಾಮೃಗ’ ನೋಡುತ್ತಿದ್ದೇವೆ. ಕೆಲವು ಕಂತು ಎಳೆದಂತಿವೆ, ಭಾಷಣವೂ ಜಾಸ್ತಿ. ಆದರೆ ಒಬ್ಬರು ಮಾತಾಡುವಾಗ ಇನ್ನೊಬ್ಬರು ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಒಂದೇ ಮುಖವನ್ನು ಮೂರು ಸಲ ತೋರಿಸಿ ಗುಡುಗು ಹೊಡೆಸುವ ಇಂದಿನ ಧಾರಾವಾಹಿಗಳ ಮುಂದೆ ಅದೇ ದೊಡ್ಡ ಸುಖ. ಕೋರ್ಟಿನ ದೃಶ್ಯ ಮಾತ್ರ ಈಗ ನನಗೆ ಅಷ್ಟು ನಂಬಿಕೆ ಹುಟ್ಟಿಸುವುದಿಲ್ಲ. ವಾಯಿದೆಯ ಮೇಲೆ ವಾಯಿದೆ ಕಂಡವನಿಗೆ, ಒಂದು ಒಳ್ಳೆಯ ಪಾಟೀಸವಾಲಿನಿಂದ ಸತ್ಯ ಹೊರಬರುವುದು ತೀರಾ ಸಲೀಸೆನಿಸುತ್ತದೆ.

2022ರಲ್ಲಿ ಅದೇ ಮೂವರು ಸಿರಿ ಕನ್ನಡ ವಾಹಿನಿಗೆ ‘ಮತ್ತೆ ಮಾಯಾಮೃಗ’ ಮಾಡಿದರು. ಹೆಂಡತಿಗೆ ಹಳೆಯದೇ ಇಷ್ಟ. ಸೊಸೆ ಅದನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸುತ್ತಾಳೆ, ಅಡುಗೆಮನೆಯ ಜಗಳ ಬಂದರೆ ವೇಗ ಇಳಿಸುತ್ತಾಳೆ.